ಎರಡನೆಯ ಎಡೆ

ಸೈಕಲ್ ಹೆಲ್ಮೆಟ್ಟನ್ನು ಮೇಜಿನ ಮೇಲೆ ಮಗುಚಿಟ್ಟು ನ್ಯಾಯಾಧೀಶೆ ನೇರವಾಗಿ ಪವಿಯನ್ನೇ ಕೇಳಿದಳು: ಈ ವಾರ್ಡಿನಲ್ಲಿ ಉಳಿಯಲು ನಿನಗೆ ಒಪ್ಪಿಗೆಯೇ?

ಪವಿ ಪಕ್ಕದಲ್ಲಿ ಕೂತಿದ್ದ ಮಾಮ ಮಹೇಶಕುಮಾರನನ್ನು ನೋಡಿದಳು. ಅವನು ಹೆಲ್ಮೆಟ್ಟನ್ನು ನೋಡಿದ.

ಮಗುವನ್ನು ಮನೋರೋಗದ ಆಸ್ಪತ್ರೆಯಲ್ಲಿ ಬೀಗದ ಬಾಗಿಲ ಹಿಂದೆ ಇಡಬೇಕಾದರೆ ಇಲ್ಲಿ ಕೋರ್ಟಿನ ಒಪ್ಪಿಗೆ ಬೇಕು. ಅದಕ್ಕಾಗಿ ಕೋರ್ಟೇ ಸೈಕಲ್ ಹತ್ತಿ ಬರುತ್ತದೆ, ಮಗುವಿನ ಎದುರು ಕೂತು ಕೇಳುತ್ತದೆ. ಎಂಥ ದೇಶ ಎಂದು ಬೆಳಿಗ್ಗೆ ಟ್ರಾಮಿನಲ್ಲಿ ಅವನಿಗೆ ಹೆಮ್ಮೆಯೇ ಆಗಿತ್ತು. ತನ್ನದಲ್ಲದ ದೇಶದ ಬಗ್ಗೆ ಹೆಮ್ಮೆಪಡುವುದು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಪವಿ ಅವನ ಅಕ್ಕ ಶ್ರೀದೇವಿಯ ಮಗಳು. ಅಪ್ಪ ಎಂದೋ ಬಿಟ್ಟುಹೋಗಿದ್ದ. ಕಳೆದ ವರ್ಷ ಇದೇ ಜರ್ಮನ್ ಊರು ಡ್ಯೂಸೆಲ್ಡಾರ್ಫಿನಲ್ಲಿ ಅಕ್ಕ ಕ್ಯಾನ್ಸರಿನಿಂದ ತೀರಿಕೊಂಡಳು. ದಿಕ್ಕಿಲ್ಲದ ಮಕ್ಕಳ ಹೊಣೆ ಹೊರುವ ಯುಗೆಂಡ್‌ಆಮ್ಟ್ ಕಚೇರಿ ಹುಡುಗಿಯನ್ನು ಸಾಕಲು ಅವನ ಮನೆಗೇ ಕೊಟ್ಟಿತು. ಬಂದವಳೇ ಪವಿ ಊಟ ಬಿಟ್ಟಳು. ಅವನ ಹೆಂಡತಿ ಕೀರ್ತಿ ಬಗೆಬಗೆಯಾಗಿ ಮಾಡಿಟ್ಟಿದ್ದೆಲ್ಲ ಆರಿ ತಣ್ಣಗಾಯಿತು.

ಕೊನೆಗೊಂದು ದಿನ ಅವನು ಬೇರೊಂದು ತಟ್ಟೆಯಲ್ಲಿ ಚೂರು ರೊಟ್ಟಿ, ಪಲ್ಯ ಹಾಕಿ ಅವಳ ಮುಂದಿಟ್ಟ. "ಅಮಾಸಿಗೆ ನಮ್ಮ ಕಡೆ ಹಿರ್ಯಾರಿಗೆ ಎಡಿ ಇಡ್ತಾರ. ಮೊದಲ ಅವ್ವಗ ಇಡು. ಆಕಿ ಉಂಡ ಮ್ಯಾಲ ನೀ ಉಣ್ಣು," ಎಂದ. ಪವಿ ಉಂಡಳು. ಅವನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ.

ಅಮಾವಾಸ್ಯೆಗೆ ಇಡುವ ಎಡೆಯನ್ನು ಹುಡುಗಿ ಹೊತ್ತುಹೊತ್ತಿಗೂ ಇಡತೊಡಗಿದಳು. ಬೇಡವೆನ್ನಲು ಅವನಿಗೆ ಮನಸ್ಸು ಬರಲಿಲ್ಲ. ಆಮೇಲೆ ಶಾಲೆಯ ಊಟದ ಕೋಣೆಯಲ್ಲೂ ಇಟ್ಟಳು. ಮೊನ್ನೆ ಅಲ್ಲಿ ಯಾರೋ ಆ ತಟ್ಟೆಯನ್ನೆತ್ತಿ ಕಸದ ಡಬ್ಬಿಗೆ ಸುರಿದರು. ಪವಿ ಗಾಜಿನ ಲೋಟ ಒಡೆದು ಚೂರನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು. ಯಾರಿಗೂ ತಾಗಲಿಲ್ಲ, ರಕ್ತವೆಲ್ಲ ಅವಳದೇ. ಅಂದೇ ಅವಳನ್ನು ಈ ವಾರ್ಡಿಗೆ ಸೇರಿಸಿದರು.

ಈಗ ಡಾಕ್ಟರ್ ಮೆಲ್ಲಗೆ ವಿವರಿಸುತ್ತಿದ್ದ. ಸತ್ತ ತಾಯಿ ಬಂದು ಉಣ್ಣುತ್ತಾಳೆಂದು ಮಗು ನಂಬಿದೆ, ತಟ್ಟೆಯ ಮುಂದೆ ಕೂತು ಅವಳೊಂದಿಗೆ ಮಾತಾಡುತ್ತದೆ. ಇದು ಭ್ರಮೆ. ಆರು ವಾರವಾದರೂ ಮುಚ್ಚಿದ ವಾರ್ಡಿನಲ್ಲಿ ಇಟ್ಟು ನೋಡಬೇಕು. ಯುಗೆಂಡ್‌ಆಮ್ಟಿನ ಹೆಂಗಸು ತಲೆಯಾಡಿಸಿದಳು. ಅರ್ಜಿ ಹಾಕಿದವಳು ಅವಳೇ.

"ಮಾಮಾ," ಎಂದಳು ಪವಿ. ಮನೆಯಲ್ಲೂ ಜರ್ಮನ್ನಿನಲ್ಲೇ ಉತ್ತರಿಸುವ ಹುಡುಗಿ ಈಗ ಕನ್ನಡಕ್ಕೆ ಬಂದಿದ್ದಳು. "ನೀ ಹೇಳು ಇವರಿಗೆ. ನನಗ ಇದನ್ನ ನೀನ ಕಲಿಸೀದಿ."

ಏನೆಂದಳು ಎಂದು ನ್ಯಾಯಾಧೀಶೆ ಅವನನ್ನು ಕೇಳಿದಳು. ಈ ತಟ್ಟೆ ಇಡುವುದು ನಿಮ್ಮಲ್ಲಿ ಪದ್ಧತಿಯೇ?

ಹೌದು ಎನ್ನಬೇಕಿತ್ತು. ಹೌದೆಂದರೆ ಎಲ್ಲರೂ ತನ್ನತ್ತ ತಿರುಗುತ್ತಾರೆ. ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವವನು ಸತ್ತವರಿಗೆ ರೊಟ್ಟಿ ಬಡಿಸುತ್ತಾನೆ. ನಾಚಿಕೆಯಾಯಿತು. ಅಷ್ಟೇ ಅಲ್ಲ, ಪವಿ ಆಸ್ಪತ್ರೆ ಸೇರಿದ ಮೇಲೆ ಮನೆ ಹಗುರಾಗಿತ್ತು, ಅವನಿಗೆ ಒಳ್ಳೆಯ ನಿದ್ದೆ ಬಂದಿತ್ತು. ಆ ನಿದ್ದೆ ಅವನಿಗೆ ಇನ್ನೂ ಬೇಕಿತ್ತು.

"ಹಳ್ಳಿಯ ಮುದುಕರು ಮಾಡುತ್ತಾರೆ," ಎಂದು ಅವನು ಜರ್ಮನ್ನಿನಲ್ಲಿ ಹೇಳಿದ. "ನಮ್ಮ ಮನೆಯಲ್ಲಿ ಅಂಥದ್ದೇನಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಆಡಿದ ಮಾತು. ಆದರೆ ಪವಿಗೆ ಜರ್ಮನ್ ಅವನಿಗಿಂತ ಚೆನ್ನಾಗಿ ಬರುತ್ತಿತ್ತು. ಅವಳು ಅವನತ್ತ ನೋಡುವುದನ್ನು ಬಿಟ್ಟಳು. ಆರು ವಾರಕ್ಕೆ ಒಪ್ಪಿಗೆ ಸಿಕ್ಕಿತು. ನ್ಯಾಯಾಧೀಶೆ ಅವನ ಕೈ ಕುಲುಕಿ, ಸಹಕಾರಕ್ಕೆ ಧನ್ಯವಾದ ಹೇಳಿ, ಹೆಲ್ಮೆಟ್ ಹಾಕಿಕೊಂಡಳು.

ಕಾರಿಡಾರಿನಲ್ಲಿ ಕೀರ್ತಿಯ ಫೋನ್ ಬಂತು.

"ಏನಾತ್ರೀ?"

"ಆರು ವಾರ."

"ಎಡಿ ಇಡಾಕ ನಾವ ಕಲಿಸಿದ್ದು ಅಂತ ಹೇಳಿದ್ರಿಲ್ಲೋ?"

"ಕೇಳಿದ್ರು."

"ಕೇಳಿದ್ರು ಸರಿ. ನೀವು ಏನಂದ್ರಿ?"

ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ಅವನು ಫೋನಿಟ್ಟ.

ವಾರ್ಡಿನ ಬಾಗಿಲಿಗೆ ದಪ್ಪ ಗಾಜು. ಆಚೆ ಊಟದ ಮೇಜಿನ ತುದಿಯಲ್ಲಿ ಪವಿ ಒಬ್ಬಳೇ ಕೂತಿದ್ದಳು, ಕೈಗೆ ಬ್ಯಾಂಡೇಜು. ಊಟದ ಗಾಡಿ ಒಳಗೆ ಹೋಗಲೆಂದು ಬಾಗಿಲು ತೆರೆಯಿತು. ಅವನೂ ಒಂದು ಹೆಜ್ಜೆ ಒಳಗಿಡಬಹುದಿತ್ತು. ಇಡಲಿಲ್ಲ.

ಪವಿ ಬ್ರೆಡ್ ಮುರಿದು ಒಂದು ಚೂರನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿಟ್ಟಳು. ಸ್ವಲ್ಪ ಯೋಚಿಸಿ ಇನ್ನೊಂದು ತಟ್ಟೆ ಎಳೆದುಕೊಂಡು ಅದರಲ್ಲೂ ಒಂದು ಚೂರಿಟ್ಟಳು. ಇವು ಯಾರಿಗೆ ಎಂದು ನರ್ಸ್ ಅಕ್ಕರೆಯಿಂದಲೇ ಕೇಳಿದಳು.

"ಇದು ಅಮ್ಮನಿಗೆ," ಎಂದು ಪವಿ ಜರ್ಮನ್ನಿನಲ್ಲಿ ಹೇಳಿದಳು. "ಅದು ಮಾಮನಿಗೆ."

ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ಅವನು ಗಾಜನ್ನು ಬಡಿದ, ಕೈ ಬೀಸಿದ, ಹೆಸರು ಹಿಡಿದು ಕೂಗಿದ. ಅವಳು ತಲೆಯೆತ್ತಲಿಲ್ಲ. ಎರಡೂ ತಟ್ಟೆಗಳ ಮುಂದೆ ಕೈಕಟ್ಟಿಕೊಂಡು, ಅವರಿಬ್ಬರೂ ಉಂಡು ಏಳಲೆಂದು ಕಾಯುತ್ತ ಕೂತಳು.