ತಾಮ್ರದ ಚರಿಗೆಯಲ್ಲಿ ಕಿತ್ತಳೆ ರಸ

ಸನತ್‌ನಗರದ ಶಿವದೇವಿಯವರಿಗೆ ಮಧ್ಯಾಹ್ನದ ಮಂಪರಿನಲ್ಲೂ ಒಂದೇ ಕನಸು, ಮಗಳು ಸಪ್ನಾ ಹೊಟ್ಟೆ ತುಂಬ ಉಂಡ ಹಾಗೆ. ಬಸುರಿಗೆ ಐದು ತಿಂಗಳಾದರೂ ವಾಕರಿಕೆ ನಿಂತಿರಲಿಲ್ಲ. ರೊಟ್ಟಿ ಕಂಡರೆ ಮುಖ ತಿರುಗಿಸುವಳು, ಸಾರಿನ ಒಗ್ಗರಣೆಗೆ ಮೂಗು ಮುಚ್ಚುವಳು. ಬಾಯಿಗೆ ಹಿಡಿಸುತ್ತಿದ್ದದ್ದು ಕಿತ್ತಳೆ ರಸ ಒಂದೇ.

ಅಳಿಯ ಶಾಂತಕುಮಾರ ಕೋಲ್ಡ್ ಪ್ರೆಸ್ ಜ್ಯೂಸರ್ ತಂದುಕೊಟ್ಟಿದ್ದ. ಅದು ಮಿಕ್ಸಿಯ ಹಾಗೆ ಗರ್ರೆನ್ನುವುದಿಲ್ಲ. ಮೆಲ್ಲಗೆ ತಿರುಗುತ್ತ, ಬಿಸಿಯಾಗದ ಹಾಗೆ ಹಣ್ಣು ಹಿಂಡುತ್ತದೆ. ಹೊಂಬಣ್ಣದ ರಸ ಇಳಿಯುವಾಗ ಮನೆಯೆಲ್ಲ ಘಮ. ಆ ಘಮದಲ್ಲಿ ಶಿವದೇವಿ ಕೂತಲ್ಲೇ ತೇಲಿಹೋಗುತ್ತಿದ್ದರು. ಅಂಗಳದಲ್ಲಿ ಪುಟ್ಟ ಗೆಜ್ಜೆ ಘಲ್ಲೆಂದಂತೆ, ಯಾರೋ ಸೆರಗು ಜಗ್ಗಿದಂತೆ ಅನಿಸುತ್ತಿತ್ತು.

ಎಡವಟ್ಟಾದದ್ದು ಈ ಅಕ್ಕರೆಯಲ್ಲೇ. ತಾಮ್ರದ ಚರಿಗೆಯಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವುದು ಅವರ ತವರಿನ ರೂಢಿ. ನೀರಿಗೇ ಅಷ್ಟು ಗುಣ ಬರುವುದಾದರೆ ರಸಕ್ಕೆ ಇನ್ನೆಷ್ಟು ಎಂದುಕೊಂಡು, ರಾತ್ರಿಯೇ ರಸ ಹಿಂಡಿ ಚರಿಗೆ ತುಂಬಿಸಿಟ್ಟರು. ಬೆಳಿಗ್ಗೆ ಅದನ್ನು ಕುಡಿದ ಸಪ್ನಾ ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದಳು.

“ಇನ್ನ ಸಂತ್ರಾ ರಸಾನೂ ಬ್ಯಾಡ ಬೇ ಯವ್ವಾ,” ಎಂದು ಗೋಡೆಗೆ ಮುಖ ಮಾಡಿ ಮಲಗಿದಳು.

ಶಿವದೇವಿ ಚರಿಗೆ ಕೆಳಗಿಟ್ಟು ಮಗಳ ಬೆನ್ನು ಸವರಿದರು. ಮಗಳ ಹೊಟ್ಟೆಗೆ ಇದ್ದ ಒಂದು ದಾರಿಯೂ ಮುಚ್ಚಿತಲ್ಲ!

ಪಕ್ಕದ ಮನೆಯ ಪ್ರೇಮಾ ಬಸ್ತಿ ದವಾಖಾನೆಯ, ಅಂದರೆ ಬಡಾವಣೆಯ ಸರಕಾರಿ ಚಿಕಿತ್ಸಾಲಯದ, ನರ್ಸ್. ಅವಳೇ ಸಪ್ನಾಳನ್ನು ಡಾಕ್ಟರಿಗೆ ತೋರಿಸಿ ಕರೆತಂದಳು. ತಾಯಿ ಮಗು ಇಬ್ಬರೂ ಕ್ಷೇಮ ಎಂದ ಮೇಲೆ ಶಿವದೇವಿಯವರಿಗೆ ಹೋದ ಜೀವ ಬಂತು.

“ರಸ ಎದ್ರಾಗ ಇಟ್ಟಿದ್ರಿ ಅಕ್ಕಾರ?” ಪ್ರೇಮಾ ಕೇಳಿದಳು.

“ತಾಮ್ರದ ಚರಿಗ್ಯಾಗ. ಯಾಕ?”

“ಅದಕ್ಕ ಹಿಂಗಾಗೈತ್ರಿ. ಹುಳಿ ರಸ ತಾಮ್ರಾ, ಹಿತ್ತಾಳಿ ಕರಗಸ್ತೈತಿ. ಅದು ಹೊಟ್ಟಿಗೆ ಹೋದ್ರ ಭಾಳ ತ್ರಾಸು.”

“ಸುಮ್ನಿರ ತಂಗಿ! ನಮ್ಮವ್ವ ಜನ್ಮ ಪೂರಾ ಅದರಾಗ ಕುಡದಾಳ.”

“ಆಕಿ ಕುಡದದ್ದು ನೀರಲ್ಲೇನ್ರಿ? ಚರಿಗಿ ಫಳಫಳ ಹೊಳೀಬೇಕಂದ್ರ ಏನು ಹಚ್ಚಿ ತಿಕ್ಕತೀರಿ?”

“ಹುಣಸಿಹಣ್ಣು,” ಎನ್ನುತ್ತಲೇ ಅವರಿಗೆ ತಿಕ್ಕಿದಾಗ ಕೈಗೆ ಹತ್ತುವ ಹಸಿರು ನೀರು ಕಣ್ಣ ಮುಂದೆ ಬಂತು. “ಅಯ್ಯ ಶಿವನೇ! ಅದನ್ನ ನನ್ನ ಕೂಸಿಗೆ ಕುಡಿಸಿದ್ನೇನ?”

“ಗೊತ್ತಿಲ್ದ ಆಗೈತ್ರಿ. ನಾಳಿ ಇಬ್ರೂ ಕೂಡೇ ಹಿಂಡೂಣು.”

ಮರುದಿನ ಇಬ್ಬರೂ ಕೈ ತೊಳೆದರು, ಜ್ಯೂಸರ್ ತೊಳೆದರು, ಸಿಪ್ಪೆ ಸುಲಿಯುವ ಮೊದಲೇ ಹಣ್ಣನ್ನೂ ತೊಳೆದರು. ಬೀಜ ತೆಗೆದರು, ಇಲ್ಲದಿದ್ದರೆ ರಸ ಕಹಿ. ಸಕ್ಕರೆ ಡಬ್ಬಿಗೆ ಕೈ ಹಾಕಿದ ಶಿವದೇವಿಯವರನ್ನು ಪ್ರೇಮಾ ಕಣ್ಣಲ್ಲೇ ಗದರಿದಳು. ರಸ ನೇರ ಗಾಜಿನ ಲೋಟಕ್ಕಿಳಿಯಿತು.

“ಹಿಂಡಿದ ಕೂಡ್ಲೇ ಕೊಡ್ರಿ. ಇಟ್ಟು ಕುಡಿಸೂದು ಬ್ಯಾಡ.”

ಸಪ್ನಾ ಹೆದರುತ್ತಲೇ ಒಂದು ಗುಟುಕು ಕುಡಿದಳು. ಸ್ವಲ್ಪ ಕಾದಳು. ಮತ್ತೊಂದು ಗುಟುಕು. ಲೋಟ ಖಾಲಿ ಮಾಡಿ ಎಳೆಬಿಸಿಲಿನಲ್ಲಿ ಕಣ್ಣು ಮುಚ್ಚಿ ಕೂತಳು. ಶಿವದೇವಿ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

“ಯವ್ವಾ, ಹಸಿವ್ಯಾಗೈತಿ. ರೊಟ್ಟಿ ಐತೇನು?”

ಶಿವದೇವಿ ಕಣ್ಣೊರೆಸಿಕೊಳ್ಳುತ್ತ ಹಿಟ್ಟಿನ ಡಬ್ಬಿಗೆ ಓಡಿದರು.

ಅಕ್ಕ ತಂಗಿಯರೇ, ತಾಮ್ರದ ಚರಿಗೆ ನೀರಿಗಿರಲಿ. ಕಿತ್ತಳೆ, ನಿಂಬೆ, ಮೋಸಂಬಿಯ ರಸಕ್ಕೆ ಗಾಜು ಇಲ್ಲವೆ ಸ್ಟೀಲ್ ಲೋಟ ಹಿಡಿಯಿರಿ. ಆಗಲೇ ಹಿಂಡಿ, ಆಗಲೇ ಕೊಡಿ. ಮಕ್ಕಳ ಮೇಲೆ ನಮಗಿರುವ ಪ್ರೀತಿ ದೊಡ್ಡದು, ಅದನ್ನು ಯಾವ ಪಾತ್ರೆಯಲ್ಲಿ ಕೊಡುತ್ತೇವೆ ಎನ್ನುವುದನ್ನೂ ಒಮ್ಮೆ ನೋಡಿಕೊಳ್ಳೋಣ.