ಮಗಳಿಗೆ ಯಾವ ಔಷಧಿ ಆಗಿಬರಲ್ಲ?

ಲಿಫ್ಟ್ ರಿಪೇರಿಯವನಿಗೆ ಅವತ್ತು ಕೈಕಾಲೇ ಆಡುತ್ತಿರಲಿಲ್ಲ. ನಾಲ್ಕು ವರ್ಷದ ಮಗಳಿಗೆ ಜ್ವರ, ಕಿವಿನೋವು. ಹೆಂಡತಿ ಊರಲ್ಲಿಲ್ಲ. ಬಾಟಲಿ ಕಾರ್ಖಾನೆಯಲ್ಲಿ ಎರಡು ವರ್ಷದಿಂದ ಅವಳು ಸೂಪರ್‌ವೈಸರ್ ಕೆಲಸವನ್ನೇ ಮಾಡುತ್ತಿದ್ದಳು. ಹೆಸರಿಗೆ ಮಾತ್ರ ಹೆಲ್ಪರ್, ಸಂಬಳವೂ ಹೆಲ್ಪರ್‌ದೇ. ಆರು ದಿನದ ತರಬೇತಿ ಮುಗಿಸಿದರೆ ಅದೇ ಕೆಲಸ ಮಾಡುವ ಗಂಡಸರಷ್ಟು ಸಂಬಳ ಕೊಡುತ್ತೇವೆ ಅಂದಿದ್ದರು ಕಾರ್ಖಾನೆಯವರು. ಅದಕ್ಕೇ ಹಿಂದಿನ ದಿನ ಬೇರೆ ಊರಿಗೆ ಹೋಗಿದ್ದಳು.

ಮಗಳನ್ನೆತ್ತಿಕೊಂಡು ಆಸ್ಪತ್ರೆಗೆ ಓಡಿದ. ಪಕ್ಕದ ಮನೆಯ ಅವನ ಅಕ್ಕನೂ ಜೊತೆಗೆ ಬಂದಳು.

"ಮಗು ತೂಕ ಎಷ್ಟು?" ನರ್ಸಮ್ಮ ಕೇಳಿದರು.

"ಅದು... ಎತ್ತಿಕೊಂಡ್ರೆ ಭಾರ ಇದಾಳೆ ಸಿಸ್ಟರ್."

"ಯಾವುದಾದ್ರೂ ಔಷಧಿ ಆಗಿಬರಲ್ವಾ?"

ಅವನಿಗೆ ಥಟ್ಟನೆ ನೆನಪಾಯಿತು. ಹೋದ ವರ್ಷ ಯಾವುದೋ ಸಿರಪ್ ಕುಡಿದು ಮಗಳ ಮೈಯೆಲ್ಲ ದದ್ದೆದ್ದು, ಮುಖ ಊದಿಕೊಂಡಿತ್ತು. ಹೆಂಡತಿಯೇ ಎತ್ತಿಕೊಂಡು ಓಡಿದ್ದಳು. ಯಾವ ಸಿರಪ್? ಕೆಂಪೋ, ಬಿಳಿಯೋ? ಫೋನ್ ಮಾಡಿದ. ತರಗತಿಯಲ್ಲಿದ್ದ ಅವಳ ಫೋನ್ ಸ್ವಿಚ್ ಆಫ್.

"ಅದಕ್ಕೇ ನಾನು ಬಡ್ಕೊಂಡೆ, ಅವಳನ್ನ ಕಳಿಸ್ಬೇಡ ಅಂತ!" ಅಕ್ಕ ಸಿಡುಕಿದಳು. "ವಾಪಸ್ ಕರೆಸ್ಕೋ."

ನರ್ಸಮ್ಮ ಮಗುವಿನ ಹಣೆ ಮುಟ್ಟುತ್ತಾ ಅಂದರು, "ತಾಯಿ ಹೋಗಿದ್ದು ತಪ್ಪಲ್ಲಮ್ಮ. ಅಪ್ಪನಿಗೆ ಗೊತ್ತಿಲ್ದೇ ಇರೋದೇ ತೊಂದರೆ. ನಾಳೆ ಆ ತಾಯೇ ಹುಷಾರು ತಪ್ಪಿ ಮಲಗಿದ್ರೆ?"

"ಗಂಡಸ್ರಿಗೆ ಇದೆಲ್ಲ ಹೇಗೆ ಗೊತ್ತಾಗ್ಬೇಕು?"

"ಹೆಂಗಸ್ರೇನು ಹುಟ್ಟುವಾಗ್ಲೇ ಕಲಿತು ಬಂದ್ರಾ?"

ಅವನಿಗೆ ಅಕ್ಕನ ಮಾತೂ ಸರಿ ಅನಿಸಿತು, ನರ್ಸಮ್ಮನ ಮಾತೂ ಸರಿ ಅನಿಸಿತು.

"ಹಳೇ ಚೀಟಿ ಮನೇಲಿರುತ್ತೆ, ಹುಡುಕಿ ತನ್ನಿ," ಅಂದರು ನರ್ಸಮ್ಮ.

ಮಗಳನ್ನು ಅಕ್ಕನ ಮಡಿಲಲ್ಲಿ ಬಿಟ್ಟು ಮನೆಗೆ ಓಡಿದ. ಬೀರು ತೆಗೆದ, ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿದ. ತನ್ನದೇ ಮನೆ, ಆದರೆ ನೆಂಟರ ಮನೆಗೆ ಬಂದವನ ಹಾಗಾಗಿತ್ತು. ಕೊನೆಗೆ ಮಗಳ ಬಟ್ಟೆಗಳ ಕೆಳಗೆ ಚೀಟಿಗಳ ಕಟ್ಟು ಸಿಕ್ಕಿತು. ಒಂದರ ಮೇಲೆ ಹೆಂಡತಿ ದಪ್ಪಕ್ಷರದಲ್ಲಿ ಬರೆದಿದ್ದಳು: ಇದನ್ನು ಮತ್ತೆ ಕೊಡಬಾರದು.

ಅದನ್ನು ಹಿಡಿದು ಆಸ್ಪತ್ರೆಗೆ ವಾಪಸ್ ಓಡಿದ. ಡಾಕ್ಟರು ಓದಿ, "ಒಳ್ಳೇದಾಯ್ತು. ನಾನು ಇದನ್ನೇ ಬರೀತಿದ್ದೆ," ಅಂದು ಬೇರೆ ಔಷಧಿ ಬರೆದರು. ಅವನು ಹಳೇ ಚೀಟಿಯನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡ.

ಸಂಜೆ ಹೆಂಡತಿಯ ಫೋನ್. "ಇಷ್ಟು ಸಲ ಕರೆ ಮಾಡಿದೀರಿ! ಮಗಳಿಗೇನಾಯ್ತು? ಹೊರಟು ಬಂದ್ಬಿಡ್ಲಾ?"

'ಬಾ' ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡ.

"ಬೇಡ, ತರಬೇತಿ ಮುಗಿಸ್ಕೊಂಡೇ ಬಾ. ಔಷಧಿ ಕೊಡಿಸಿದೀನಿ, ರಜೆಯನ್ನೂ ಹಾಕಿದೀನಿ. ಆದ್ರೆ ಇವಳು ಕುಡಿಸಿದ್ದನ್ನೆಲ್ಲ ಉಗೀತಾಳಲ್ಲೇ, ಏನ್ ಮಾಡ್ಲಿ?"

ಆ ಕಡೆಯಿಂದ ನಗು. "ಕೂರಿಸ್ಕೊಂಡು ಸ್ವಲ್ಪ ಸ್ವಲ್ಪಾನೇ ಕೊಡಿ."

ಕೇಳಿಸಿಕೊಳ್ಳುತ್ತಿದ್ದ ಅಕ್ಕ ಎದ್ದು ಸೆರಗು ಸರಿಮಾಡಿಕೊಂಡಳು. "ನಮ್ಮೆಜಮಾನ್ರಿಗೆ ಮಕ್ಕಳು ಎಷ್ಟನೇ ಕ್ಲಾಸು ಅಂತಾನೇ ಗೊತ್ತಿಲ್ಲ ಕಣೋ. ಇವತ್ತೇ ಕೂರಿಸ್ಕೊಂಡು ಹೇಳ್ತೀನಿ," ಅನ್ನುತ್ತಾ ಹೊರಟಳು.

ಹೆಂಡತಿ ತರಬೇತಿ ಮುಗಿಸಿಯೇ ಬಂದಳು. ಮುಂದಿನ ತಿಂಗಳಿಂದ ಗಂಡಸರಷ್ಟೇ ಸಂಬಳ. ಅವನು ಈಗಲೂ ಮಗಳಿಗೆ ಜಡೆ ಹಾಕಲು ಹೋಗಿ ಗಂಟು ಮಾಡುತ್ತಾನೆ, ಬಿಡಿಸಿ ಮತ್ತೆ ಹಾಕುತ್ತಾನೆ.

ಅಣ್ಣಂದಿರೇ, ಅಪ್ಪಂದಿರೇ, ಮನೆಕೆಲಸ ಒಬ್ಬರ ಹೆಗಲಿಗೇ ಬಿದ್ದರೆ ಹೊರಗಿನ ಕೆಲಸದಲ್ಲೂ ಅವರೇ ಹಿಂದೆ ಬೀಳುತ್ತಾರೆ. ಅರ್ಧ ಹೊರೆ ನೀವು ಹೊರಿ. ಅಕ್ಕತಂಗಿಯರೇ, ಗಂಡಸರು ಮಾಡುವ ಕೆಲಸವನ್ನೇ ಮಾಡುತ್ತಿದ್ದರೆ ಅಷ್ಟೇ ಸಂಬಳ ಕೇಳಿ, ಅಂಜಬೇಡಿ. ಅದು ಯಾರೋ ಮಾಡುವ ಉಪಕಾರವಲ್ಲ, ನಿಮ್ಮ ದುಡಿಮೆ.