ಆಚಾರಿಯ ಮೇಕೆ

ನಾನೊಂದು ಮೇಕೆ, ಉಸಿರಿಲ್ಲದ ಮೇಕೆ. ಸಿನಿಮಾಗಳಿಗೆ ಬೊಂಬೆ ಮಾಡಿಕೊಡುವ ಶೇಷಾಚಾರಿ ತಂತಿ, ಸ್ಪಂಜು, ರಬ್ಬರಿನಿಂದ ನನ್ನನ್ನು ಹುಟ್ಟಿಸಿದರು. ಮೈಗೆ ಒಂದೊಂದೇ ಕೂದಲು ನೆಟ್ಟರು. ಕೊರಳೊಳಗೆ ಕೆಂಪು ನೀರಿನ ಚೀಲವಿಟ್ಟು ಹೊಲಿದರು. ನಾನು ಹುಟ್ಟಿದ್ದು ಒಂದೇ ಕೆಲಸಕ್ಕೆ: ಕ್ಯಾಮೆರಾದ ಮುಂದೆ ಚಂದ್ರಿಯ ಬದಲಿಗೆ ಸಾಯುವುದಕ್ಕೆ.

ಚಂದ್ರಿ ನಿಜವಾದ ಮೇಕೆ. ಶೂಟಿಂಗ್ ನಡೆಯುವ ಊರಿನ ಮಾದೇವಕ್ಕನದು. "ಬರೀ ನಿಲ್ಸ್ಕೊಂಡು ತೆಗೀತೀವಿ ಅಂದವ್ರೆ. ಸಂಜೆಗೆ ಬತ್ತೀನಿ ಕಣವ್ವ, ತರಲೆ ಮಾಡ್ಬೇಡ" ಎಂದು ಅದರ ಬೆನ್ನು ಸವರಿ ಹೋದಳು.

ನನಗೆ ಹೊಟ್ಟೆ ಉರಿಯಿತು. ನಾಯಕಿ ಅದಕ್ಕೆ ಬಾಳೆಹಣ್ಣಿನ ಸಿಪ್ಪೆ ತಿನ್ನಿಸಿದಳು. ಮೇಕಪ್ಪಿನವನ ಟವಲನ್ನು ಅದು ಅಗಿದರೂ ಎಲ್ಲರೂ ನಕ್ಕರು. ನಾನು ಮಾತ್ರ ವ್ಯಾನಿನಲ್ಲಿ, ಗೋಣಿತಾಟಿನ ಕೆಳಗೆ. ಇದೊಂದು ತೊಲಗಬಾರದೇ ಎಂದುಕೊಂಡೆ.

ಮಧ್ಯಾಹ್ನ ಇಳಿಯುವಾಗ ನನ್ನನ್ನು ಅದರ ಪಕ್ಕದಲ್ಲಿ ನಿಲ್ಲಿಸಿದರು.

"ರೀ ಆಚಾರ್ರೇ, ಅದಕ್ಕೆ ಬಲಗಿವಿ ಕಪ್ಪು. ನೀವು ಎಡಗಿವಿಗೆ ಬಳಿದಿದ್ದೀರಲ್ರೀ!" ಎಂದರು ನಿರ್ದೇಶಕರು.

ಮೇಕೆ ಆರಿಸಲು ಬಂದಿದ್ದ ಸಹಾಯಕ ಅದರ ಜೊತೆ ಸೆಲ್ಫಿ ತೆಗೆದು ಕಳಿಸಿದ್ದ. ಫೋನು ಕನ್ನಡಿಯ ಹಾಗೆ ಎಡಬಲ ಬದಲಿಸಿತ್ತು. ಅದನ್ನೇ ನೋಡಿ ಆಚಾರಿ ಬಣ್ಣ ಹಚ್ಚಿದ್ದರು.

"ಒಂದು ಗಂಟೆ ಕೊಡಿ ಸಾರ್. ಬಳಿದು ಒಣಗಿಸ್ತೀನಿ."

"ಬೆಳಕು ಹೋಗ್ತಿದೆ. ನಿಜವಾದದ್ದೇ ಇದೆಯಲ್ಲ, ಅದನ್ನೇ ಕಡೀರಿ. ಥಿಯೇಟರಲ್ಲಿ ಜನ ಬೆಚ್ಚಿಬೀಳಬೇಕು."

"ಆ ಹೆಂಗಸಿಗೆ ಏನು ಮಾತು ಕೊಟ್ಟಿದ್ದೀವಿ ಸಾರ್?"

"ನಿನ್ನೆ ಯೂನಿಟ್ಟೆಲ್ಲ ಮಟನ್ ಸಾರು ಚಪ್ಪರಿಸ್ತಲ್ಲ, ಆಗೆಲ್ಲಿತ್ತು ಈ ಧರ್ಮ?"

ಆಚಾರಿ ನನ್ನ ಕಾಲು ಹಿಡಿದುಕೊಂಡು ಹಾಗೇ ನಿಂತರು. ಕ್ಯಾಮೆರಾ ಓಡಿತು. ಚಂದ್ರಿ ಒಂದೇ ಸಲ ಕೂಗಿತು. ನನ್ನ ಕೊರಳಿನಲ್ಲಿ ಅಂಥ ಸದ್ದನ್ನು ಯಾರೂ ಹೊಲಿದಿರಲಿಲ್ಲ.

ಸಂಜೆ ಮಾದೇವಕ್ಕ ಬಂದಳು. ನನ್ನನ್ನು ಕಂಡು ಓಡಿಬಂದು ಬೆನ್ನ ಮೇಲೆ ಕೈಯಿಟ್ಟಳು. ಥಟ್ಟನೆ ಹಿಂದೆಗೆದಳು.

"ಇದ್ಯಾಕ್ ಸ್ವಾಮಿ ಇಷ್ಟ್ ತಣ್ಣಗದೆ? ನನ್ ಚಂದ್ರಿ ಎಲ್ಲಿ?"



ಅಂದಿನಿಂದ ಆಚಾರಿ ಸಿನಿಮಾದವರಿಗೆ, "ಜೀವ ತೆಗೆಯುವುದಾದರೆ ನನ್ನನ್ನು ಕರೆಯಬೇಡಿ" ಎಂದು ಮೊದಲೇ ಹೇಳಿಬಿಡುತ್ತಾರೆ. ಹೀಗೆ ನಾನು ಒಂಬತ್ತು ಸಿನಿಮಾಗಳಲ್ಲಿ ಸತ್ತೆ. ಈಗ ಕೂದಲುದುರಿ ಗೋದಾಮಿನ ಮೂಲೆಯಲ್ಲಿದ್ದೇನೆ. ಚಂದ್ರಿಯ ಮೇಲಿನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ. ಅದಕ್ಕೆ ಸಿಕ್ಕ ಸಿಪ್ಪೆಗಲ್ಲ, ಮುದ್ದಿಗೂ ಅಲ್ಲ. ಆ ಸಾವು ನನ್ನದಾಗಿತ್ತು. ನನಗೆ ನೋಯುತ್ತಿರಲಿಲ್ಲ.